ಅಲ್ಗಾಂಕ್ವಿನ್‌ಗೆ ಲೂನ್ ನೋಡಲು ಹೋಗುವವರಿಗೆ

ಬೇಸಿಗೆಯಲ್ಲಿ ಟೊರಾಂಟೊದ ಮಕ್ಕಳ ಮನೆಗೆ ಹೋದವರು ನಯಾಗರಾ ನೋಡಿ ಮುಗಿಸಿದ ಮೇಲೆ ಎರಡು ದಿನ ಕೈಯಲ್ಲಿದ್ದರೆ ಉತ್ತರಕ್ಕೆ ಕಾರು ತಿರುಗಿಸಿ. ಸುಮಾರು ಮೂರು ತಾಸಿನ ದಾರಿಯಲ್ಲಿ ಅಲ್ಗಾಂಕ್ವಿನ್ ಪ್ರಾಂತೀಯ ಉದ್ಯಾನ ಸಿಗುತ್ತದೆ. 1893ರಲ್ಲಿ ಕಾಯ್ದಿರಿಸಿದ ಈ ಕಾಡಿನೊಳಗೆ ಸಾವಿರಕ್ಕೂ ಹೆಚ್ಚು ಸರೋವರಗಳಿವೆ. ಕಾಮನ್ ಲೂನ್ ಮರಿ ಮಾಡುವುದು ಇಲ್ಲಿ. ಕೆನಡಾದ ಒಂದು ಡಾಲರ್ ನಾಣ್ಯದ ಮೇಲಿರುವ ಹಕ್ಕಿ ಇದೇ.

60ನೇ ಹೆದ್ದಾರಿ ಉದ್ಯಾನದ ಮಧ್ಯೆಯೇ ಹಾಯುತ್ತದೆ. ವಾಹನದ ದಿನದ ಪರ್ಮಿಟ್ ಮುಂಚೆಯೇ ಮಾಡಿಸಿಕೊಳ್ಳಿ. ಮೇ ಕೊನೆಯಿಂದ ಜೂನ್‌ವರೆಗೆ ಕಚ್ಚುವ ಕಪ್ಪು ನೊಣ, ಸೊಳ್ಳೆಗಳ ಕಾಟ ವಿಪರೀತ. ನನ್ನನ್ನು ಕೇಳಿದರೆ ಜುಲೈ ಮೊದಲರ್ಧ ಒಳ್ಳೆಯದು. ಸೊಳ್ಳೆ ಆಗಲೂ ಇರುತ್ತದೆ, ಆದರೆ ಅಪ್ಪ-ಅಮ್ಮನ ಬೆನ್ನೇರಿ ಸವಾರಿ ಮಾಡುವ ಮರಿಗಳೂ ಇರುತ್ತವೆ.

ಬೆಳೆದ ಲೂನ್‌ನ ಗುರುತು: ಕಪ್ಪು ತಲೆ, ಕೆಂಪು ಕಣ್ಣು, ಕತ್ತಿಗೆ ಬಿಳಿ ಗೆರೆಗಳ ಪಟ್ಟಿ, ಬೆನ್ನ ತುಂಬ ಚದುರಂಗದ ಮನೆಗಳಂತೆ ಬಿಳಿ ಚೌಕ. ಪುಸ್ತಕದಲ್ಲಿ ಇದು ಸುಲಭ; ಎದುರು ಬಿಸಿಲಿನಲ್ಲಿ ನೀರ ಮೇಲಿನದೆಲ್ಲ ಕಪ್ಪೇ. ಆಗ ಕೊಕ್ಕು ನೋಡಿ. ನಮ್ಮ ಕೆರೆಗಳ ನೀರುಕಾಗೆಯ ಬಳಗದ ಹಕ್ಕಿ ಅಲ್ಲೂ ಇದೆ. ಅದು ತುದಿ ಬಾಗಿದ ಕೊಕ್ಕನ್ನು ಮೇಲೆತ್ತಿ ಈಜುತ್ತದೆ. ಲೂನ್‌ನ ಕೊಕ್ಕು ದಪ್ಪ, ನೇರ, ಚೂಪು. ನೀರಿಗೆ ಸಮನಾಗಿ ಹಿಡಿದಿರುತ್ತದೆ. ತೆಳ್ಳನೆಯ ಕೆಂಪು ಕೊಕ್ಕು ಕಂಡರೆ ಅದು ಮರ್ಗ್ಯಾನ್ಸರ್ ಬಾತು.

ಮುಳುಗಿದ ಜಾಗಕ್ಕೇ ದುರ್ಬೀನು ನೆಟ್ಟು ಕೂರಬೇಡಿ, ಲೂನ್ ಏಳುವುದು ಬೇರೆಲ್ಲೋ. ಇತರ ಹಕ್ಕಿಗಳಂತೆ ಇದರ ಮೂಳೆಗಳೆಲ್ಲ ಟೊಳ್ಳಲ್ಲ. ಗರಿಗಳ ನಡುವಿನ ಗಾಳಿ ಹಿಂಡಿ ಸದ್ದಿಲ್ಲದೆ ಒಳಗಿಳಿಯುತ್ತದೆ. ಈಜಿಗೆಂದೇ ಕಾಲುಗಳು ತೀರಾ ಹಿಂದಿವೆ, ನೆಲದ ಮೇಲೆ ತೆವಳುವುದೇ ಕಷ್ಟ. ಅದಕ್ಕೇ ಗೂಡು ನೀರಂಚಿನಲ್ಲಿ.

ರಾತ್ರಿ ಅಲ್ಲೇ ತಂಗಿದರೆ ಇನ್ನೂ ಲಾಭ, ಲೂನ್‌ನ ಕೂಗು ಕೇಳಬಹುದು. ಉದ್ದನೆಯ ಊಳು ಸಂಗಾತಿಯನ್ನು ಕರೆಯುವುದು, ಹುಚ್ಚು ನಗೆಯಂಥದ್ದು ಗಾಬರಿಯದು. ಗಂಡು ಮಾತ್ರ ಹೊರಡಿಸುವ ಏರಿಳಿತದ ಕೂಗು ಗಡಿ ಕಾಯಲು.

ಕನೂ ದೋಣಿ ಕನೂ ಲೇಕ್, ಒಪಿಯಾಂಗೊ ಸರೋವರಗಳಲ್ಲಿ ಬಾಡಿಗೆಗೆ ಸಿಗುತ್ತದೆ. ಲೈಫ್ ಜಾಕೆಟ್ ತೊಟ್ಟುಕೊಂಡೇ ಹತ್ತಿ. ಗೂಡಿನ ಹಕ್ಕಿ ಕತ್ತು ತಗ್ಗಿಸಿ ಚಪ್ಪಟೆಯಾದರೆ, ಅಥವಾ ನೀರ ಮೇಲೆ ನೆಟ್ಟಗೆ ನಿಂತು ಕುಣಿದರೆ, ನೀವು ಅತಿ ಹತ್ತಿರ ಬಂದಿದ್ದೀರಿ. ಅದನ್ನು ನೃತ್ಯವೆಂದು ವಿಡಿಯೊ ಮಾಡುತ್ತ ಕೂರದೆ ಹಿಂದೆ ಸರಿಯಿರಿ. ಗಾಳ ಹಾಕುವವರು ಸೀಸದ ಗುಂಡು ಒಯ್ಯಬೇಡಿ. ಆಹಾರ ಅರೆಯಲೆಂದು ತಳದ ಹರಳುಕಲ್ಲು ನುಂಗುವ ಲೂನ್ ಅದನ್ನೂ ನುಂಗುತ್ತದೆ. ಸಾಯಲು ಒಂದೇ ಗುಂಡು ಸಾಕು.