ಅಂಟಿಸುವ ಮುನ್ನ

ನಿನ್ನ ಸಿಟ್ಟು ನ್ಯಾಯವಾದದ್ದೇ ತಮ್ಮಾ. ನಿದ್ದೆಗೆಟ್ಟು ಬರೆದದ್ದನ್ನು ಬ್ಲಾಗಿನ ಎಡಿಟರ್‌ಗೆ ಅಂಟಿಸಿ ‘ಪಬ್ಲಿಷ್’ ಒತ್ತಿದರೆ ಒಂದು ಪ್ಯಾರಾ ದಪ್ಪ ಅಕ್ಷರ, ಇನ್ನೊಂದು ಸಣ್ಣದು, ಸಾಲುಗಳ ನಡುವೆ ಬೇಡದ ಅಂತರ. ತಿದ್ದಲು ಹೋದರೆ ನೆಟ್ಟಗಿದ್ದದ್ದೂ ಕೆಡುತ್ತದೆ. ಆದರೆ ಬೈಯುತ್ತಾ ಕೂರುವ ಬದಲು ಒಳಗೆ ಏನು ನಡೆಯುತ್ತದೆಂದು ಒಮ್ಮೆ ನೋಡು.

ವರ್ಡ್‌ನಿಂದ ನಕಲು ಮಾಡಿದ ಬರಹ ಒಂಟಿಯಾಗಿ ಬರುವುದಿಲ್ಲ. ಮದುವೆಗೆ ಬಂದ ಬೀಗರ ಹಾಗೆ, ಫಾಂಟಿನ ಹೆಸರು, ಅಳತೆ, ಬಣ್ಣ, ಸಾಲಿನ ಅಂತರ ಎಲ್ಲವನ್ನೂ ಹಿಂದೆ ಕಟ್ಟಿಕೊಂಡೇ ಬರುತ್ತದೆ. ಎಡಿಟರ್ ಅದರಲ್ಲಿ ಕೆಲವನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಕೆಲವನ್ನು ಹೊರದಬ್ಬುತ್ತದೆ. ಗೊಂದಲ ಹುಟ್ಟುವುದೇ ಅಲ್ಲಿ. ಬಹುತೇಕ ಬ್ರೌಸರ್‌ಗಳಲ್ಲಿ ಕಂಟ್ರೋಲ್ ಮತ್ತು ವಿ ಜೊತೆ ಶಿಫ್ಟ್ ಕೀಲಿಯನ್ನೂ ಒತ್ತಿದರೆ ಬರಿಯ ಅಕ್ಷರವಷ್ಟೇ ಬರುತ್ತದೆ. ಈಗಾಗಲೇ ಕೆಟ್ಟಿದೆಯೋ? ಎಚ್‌ಟಿಎಂಎಲ್ ನೋಟಕ್ಕೆ ಹೋಗು. ‘ಸ್ಪ್ಯಾನ್’, ‘ಸ್ಟೈಲ್’ ಎಂಬ ಪದಗಳು ಕಿಕ್ಕಿರಿದಿದ್ದರೆ ಒಂದೊಂದಾಗಿ ಕೀಳುವ ಸಾಹಸ ಬೇಡ, ಎಲ್ಲ ಅಳಿಸಿ ಮತ್ತೆ ಅಂಟಿಸು.

ಪದ್ಯ ಹಾಕುವಾಗ ಇನ್ನಷ್ಟು ಎಚ್ಚರ ಬೇಕು. ಸಾಲಿನ ಮೊದಲು ನೀನು ಎಷ್ಟೇ ಸಲ ಸ್ಪೇಸ್ ಒತ್ತಿದರೂ ಜಾಲಪುಟ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಭಾಮಿನಿ ಷಟ್ಪದಿಯನ್ನೇ ತಗೋ. ಆರು ಸಾಲು, ಮೂರನೆಯದೂ ಆರನೆಯದೂ 23 ಮಾತ್ರೆ, ಉಳಿದವು 14. ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಪ್ರಾಸ. ಸಾಲುಗಳು ಕೂಡಿಕೊಂಡರೆ ಪ್ರಾಸ ಎಲ್ಲಿದೆಯೆಂದು ಓದುಗ ಹುಡುಕಬೇಕಾಗುತ್ತದೆ. ಕುಮಾರವ್ಯಾಸನಲ್ಲಂತೂ ಎಷ್ಟೋ ಪದಗಳು ಒಂದು ಸಾಲಿನ ತುದಿಯಲ್ಲಿ ಶುರುವಾಗಿ ಮುಂದಿನ ಸಾಲಿನಲ್ಲಿ ಮುಗಿಯುತ್ತವೆ. ಎಡಿಟರ್ ಸಾಲುಗಳನ್ನು ಬೆಸೆದಾಗ ನಡುವೆ ತೆರವು ಉಳಿದು ಪದವೇ ಎರಡು ತುಂಡು! ಇದಕ್ಕೊಂದು ಮದ್ದಿದೆ. ಬ್ಲಾಗ್ ತಂತ್ರಾಂಶವಾದ ವರ್ಡ್‌ಪ್ರೆಸ್ 2018ರ ಡಿಸೆಂಬರ್‌ನಲ್ಲಿ ತನ್ನ 5.0 ಆವೃತ್ತಿಯೊಂದಿಗೆ ಗುಟೆನ್‌ಬರ್ಗ್ ಎಂಬ ಬ್ಲಾಕ್ ಎಡಿಟರ್ ತಂದಾಗ ಬಹಳ ಜನ ಗೊಣಗಿದರು. ಹಳೆಯದೇ ಬೇಕೆಂದವರಿಗಾಗಿ ‘ಕ್ಲಾಸಿಕ್ ಎಡಿಟರ್’ ಪ್ಲಗಿನ್ ಕೊಟ್ಟರು. ಪ್ಯಾರಾಗೊಂದು ಡಬ್ಬಿ ಮಾಡುವ ಆ ಪದ್ಧತಿ ನನಗೂ ಹಿಡಿಸುವುದಿಲ್ಲ, ಗದ್ಯದ ಓಟವನ್ನೇ ಅದು ತಡೆಯುತ್ತದೆ. ಆದರೂ ಅದರಲ್ಲಿ ಪದ್ಯಕ್ಕೆಂದೇ ಒಂದು ಬ್ಲಾಕ್ ಇದೆ, ಸಾಲನ್ನೂ ತೆರವನ್ನೂ ಇದ್ದ ಹಾಗೇ ಉಳಿಸುತ್ತದೆ. ಅದನ್ನು ಬಳಸು. ಬೇರೆ ಕಡೆ ಸಾಲು ಮುರಿಯಲು ಶಿಫ್ಟ್ ಹಿಡಿದು ಎಂಟರ್ ಒತ್ತು.

ಇನ್ನೊಂದು ಕಾಟವನ್ನು ಇಂಗ್ಲಿಷಿನಲ್ಲಿ ಬರೆಯುವವರು ಕನಸಿನಲ್ಲೂ ಕಂಡಿರುವುದಿಲ್ಲ. ರಾಜ್‌ಕುಮಾರ್ ಎಂದು ಬರೆದಾಗ ‘ಜ್’ ಮತ್ತು ‘ಕು’ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಇರುತ್ತದೆ. ಝೀರೋ ವಿಡ್ತ್ ನಾನ್ ಜಾಯಿನರ್ ಎಂದು ಅದರ ಹೆಸರು. ಒತ್ತಕ್ಷರವಾಗದಂತೆ ತಡೆಯುವುದೇ ಅದರ ಕೆಲಸ. ಕೆಲವು ತಂತ್ರಾಂಶಗಳು ಕಾಣದ್ದೆಲ್ಲ ಕಸವೆಂದು ಗುಡಿಸುತ್ತವೆ. ಆಗ ನಮ್ಮ ಅಣ್ಣಾವ್ರು ‘ರಾಜ್ಕುಮಾರ್’ ಆಗುತ್ತಾರೆ. ರ‍್ಯಾಂಕ್ ಎಂಬಲ್ಲಿ ಅಡಗಿರುವುದು ಜಾಯಿನರ್. ಅದು ಹೋದರೆ ‘ರ್ಯಾಂಕ್’ ಆಗಿ ‘ಯಾ’ ಬಲಕ್ಕೆ ಅರ್ಕಾವತ್ತು ಅಂಟಿಕೊಳ್ಳುತ್ತದೆ. ಪ್ರಕಟಿಸಿದ ಕೂಡಲೇ ಇಂಥ ಪದಗಳನ್ನು ಮೊದಲು ನೋಡು, ಅದೂ ಫೋನಿನಲ್ಲಿ. ಅಲ್ಲೇ ‘ರಾಷ್ಟ್ರ’, ‘ಸ್ತ್ರೀ’ಗಳ ಕೆಳಗಿನ ಒತ್ತು ಮುಂದಿನ ಸಾಲಿಗೆ ತಾಗುತ್ತಿದೆಯೇ ಎಂದೂ ಗಮನಿಸು, ರೋಮನ್ ಲಿಪಿಗೆ ಅಳೆದಿಟ್ಟ ಅಂತರ ನಮಗೆ ಸಾಲದು. ಎರಡೂ ಅಂಚು ಸಮ ಮಾಡುವ ಜಸ್ಟಿಫೈ ಗುಂಡಿಯನ್ನು ಮುಟ್ಟಲೇಬೇಡ. ನಮ್ಮ ಪದಗಳು ಉದ್ದ, ಫೋನಿನ ಪರದೆ ಕಿರಿದು.

ಇಷ್ಟಾದರೂ ಮೂಲಪ್ರತಿ ನಿನ್ನ ಕೈಯಲ್ಲೇ ಇರಲಿ, ಅದೂ ಯೂನಿಕೋಡ್‌ನಲ್ಲಿ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ರೋಮನ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ್ದರು. ಎಡಿಟರ್ ಫಾಂಟ್ ಕಿತ್ತುಹಾಕಿದರೆ ಇಡೀ ಲೇಖನ ಅರ್ಥವಿಲ್ಲದ ಗೀಚು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಸ್ವಂತ ಜಾಗವಿದೆ, ಅಲಂಕಾರ ಹೋದರೂ ಅಕ್ಷರ ಉಳಿಯುತ್ತದೆ. ಹಾಗಾಗಿ ಬರೆಯುವುದನ್ನು ನೋಟ್‌ಪ್ಯಾಡಿನಂಥ ಬೋಳು ಕಡತದಲ್ಲಿ ಬರೆ, ಯುಟಿಎಫ್-8ರಲ್ಲಿ ಉಳಿಸು. ಶೀರ್ಷಿಕೆ, ದಪ್ಪಕ್ಷರ, ಚಿತ್ರ ಎಲ್ಲ ಕೊನೆಗೆ. ಪ್ರಕಟವಾದ ಮೇಲೆ ತಪ್ಪು ಕಂಡರೆ ಮೊದಲು ಆ ಕಡತದಲ್ಲಿ ತಿದ್ದು, ಆಮೇಲೆ ಜಾಲದಲ್ಲಿ.

ಮತ್ತೆ, ತಂತ್ರಾಂಶ ಮಾಡಿದವರಿಗೆ ದೂರು ಬರೆಯಲು ಸಂಕೋಚ ಬೇಡ. ಏನು ಅಂಟಿಸಿದೆ, ಏನಾಗಿ ಕಂಡಿತು, ಯಾವ ಬ್ರೌಸರ್, ಯಾವ ಆವೃತ್ತಿ ಎಂದು ಬರೆದು ಪರದೆಯ ಚಿತ್ರ ಲಗತ್ತಿಸು. ಕನ್ನಡ ಓದಬಲ್ಲವರು ಅಲ್ಲಿ ಇಲ್ಲದಿರಬಹುದು, ಸರಿಯಾದ ರೂಪವನ್ನೂ ಪಕ್ಕದಲ್ಲೇ ತೋರಿಸಿರು.