ಮೊಬೈಲ್ ಹೇಳಿತೆಂದು ರೊಟ್ಟಿ ಬಿಡಬೇಡ ತಂಗಿ

ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳೇ, ಮೈ-ಊಟದ ಚಿಂತೆಗೆ ಮೊಬೈಲಿನಲ್ಲಿ ಮದ್ದು ಹುಡುಕುವಾಗ ಒಂದು ಎಚ್ಚರ ಇರಲಿ. ‘ಆರೋಗ್ಯ’ ಎಂದು ಬರೆದಿದ್ದೆಲ್ಲ ಆರೋಗ್ಯವಲ್ಲ. ಊಟದ ಕಾಯಿಲೆ (ಈಟಿಂಗ್ ಡಿಸಾರ್ಡರ್) ಇರುವವರಿಗೆ ನೆರವಾಗುವ ಅಮೆರಿಕದ ದೊಡ್ಡ ಸಂಸ್ಥೆಯೊಂದು 2023ರಲ್ಲಿ ತನ್ನ ‘ಟೆಸ್ಸಾ’ ಎಂಬ ಚಾಟ್‌ಬಾಟನ್ನು ನಿಲ್ಲಿಸಬೇಕಾಯಿತು. ಧೈರ್ಯ ಹೇಳಬೇಕಾದದ್ದು, ಕ್ಯಾಲೊರಿ ಲೆಕ್ಕ ಹಾಕಿ ತೂಕ ಇಳಿಸು ಎಂದು ಹೇಳಿತ್ತು! ಅಲ್ಲೇ ಹೀಗಾದರೆ, ಹೆಸರು-ಊರಿಲ್ಲದ ರೀಲ್ಸ್‌ನವರನ್ನು ಹೇಗೆ ನಂಬುತ್ತೀರಿ?

ಆನ್‌ಲೈನ್ ಪಾಠವೆಲ್ಲ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಸ್ಟ್ಯಾನ್‌ಫರ್ಡಿನ ತಜ್ಞರ ‘ಸ್ಟೂಡೆಂಟ್ ಬಾಡೀಸ್’ ಎಂಬ 8 ವಾರಗಳ ಪಾಠ ಯುವತಿಯರ ತೂಕದ ಚಿಂತೆಯನ್ನು ತಗ್ಗಿಸಿದ್ದು 2006ರ ಅಧ್ಯಯನದಲ್ಲಿ ಕಂಡಿದೆ. ಅಲ್ಲಿ ಗುಂಪಿನ ಮಾತುಕತೆಯ ಮೇಲೆ ಕಣ್ಣಿಡಲು ಮನುಷ್ಯರಿದ್ದರು. ನೀವೂ ಅದನ್ನೇ ನೋಡಿ: ಮಾಡಿದವರು ಯಾರು, ಕಷ್ಟ ಬಂದರೆ ಮಾತಾಡುವವರಿದ್ದಾರೆಯೇ? ಮೊದಲೇ ತೂಕ ಕೇಳಿ, ಇಷ್ಟು ಇಳಿಸು ಎಂದರೆ ಆ ಆ್ಯಪ್ ಅಳಿಸಿಬಿಡಿ.

ಜೋಳದ ರೊಟ್ಟಿ, ಕಾಳುಪಲ್ಯ, ಶೇಂಗಾ ಚಟ್ನಿ ಬಿಟ್ಟು ಉಪವಾಸ ಕೂರಬೇಡಿ. ಮೊದಲೇ ನಮ್ಮ ಹುಡುಗಿಯರಲ್ಲಿ ರಕ್ತಹೀನತೆ ಹೆಚ್ಚು. ಅವ್ವಂದಿರೇ, ಮದುವೆ ಮನೆಯಲ್ಲಿ ನಾಲ್ಕು ಜನರ ಮುಂದೆ ‘ಎಷ್ಟು ದಪ್ಪ ಆಗೀಯಲ್ಲೇ’ ಅನ್ನುವುದನ್ನು ನೀವೂ ಬಿಡಿ. ಆ ಮಾತು ಮಗಳ ತಟ್ಟೆಗೇ ಬಂದು ಕೂರುತ್ತದೆ.

ಉಂಡದ್ದನ್ನು ಬೇಕೆಂದೇ ವಾಂತಿ ಮಾಡುವುದು, ಮುಟ್ಟು ನಿಲ್ಲುವುದು, ತಲೆಸುತ್ತು ಕಂಡರೆ ತಡಮಾಡದೆ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಹೇಳಿಕೊಳ್ಳಲು ನಾಚಿಕೆಯಾದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಹಗಲು-ರಾತ್ರಿ ಯಾವಾಗಲಾದರೂ, ಖರ್ಚಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು.