ಕೀಲಿಕೈ ಕೈಗೆ ಬರಲಿ, ಆಮೇಲೆ ರೊಕ್ಕ

ಧಾರವಾಡದ ಸಪ್ತಾಪುರದಲ್ಲಿ ನಮ್ಮ ಮನೆಯ ಮಾಳಿಗೆ ಮೇಲೆ ಎರಡು ಖೋಲಿಗಳಿದ್ದವು. ಕರ್ನಾಟಕ ಕಾಲೇಜಿನ, ಕೃಷಿ ವಿಶ್ವವಿದ್ಯಾಲಯದ ಹುಡುಗರು ಬಾಡಿಗೆಗೆ ಬರುತ್ತಿದ್ದರು. ಅವ್ವನದು ಒಂದೇ ಪದ್ಧತಿ. ಹುಡುಗನ ತಂದೆಯನ್ನು ಮೇಲೆ ಕರೆದೊಯ್ದು ಖೋಲಿ ತೋರಿಸುವಳು, ನಳ ತಿರುವಿ ನೀರು ಬರುತ್ತದೆಂದು ಖಾತ್ರಿ ಮಾಡಿಸುವಳು, ಕೀಲಿಕೈ ಕೈಗಿಡುವಳು. ಆಮೇಲೆಯೇ ಅಡ್ವಾನ್ಸ್ ಎಣಿಸಿಕೊಂಡು ನೋಟ್‌ಬುಕ್ಕಿನಲ್ಲಿ ಬರೆದು ಸಹಿ ಹಾಕಿಸುವಳು. ಆ ಮನೆಯಲ್ಲಿ ಬೆಳೆದ ನಾನು, ಮಗಳು ಎಂ.ಎಸ್. ಓದಲು ಜರ್ಮನಿಗೆ ಹೊರಟಾಗ, ಕಣ್ಣಿಂದ ಕಾಣದ ಖೋಲಿಗೆ 780 ಯೂರೋ ಕಳಿಸಿಬಿಟ್ಟೆ.

ಬಾಡಿಗೆ 390 ಯೂರೋ ಎಂದಿತ್ತು. ಫೋಟೋದಲ್ಲಿ ಹಾಸಿಗೆ, ಮೇಜು, ಕಿಟಕಿಯಲ್ಲಿ ಬಿಸಿಲು. ತಾನು ಬೇರೆ ದೇಶದಲ್ಲಿದ್ದೇನೆ, ಎರಡು ತಿಂಗಳ ಡಿಪಾಜಿಟ್ ಬಂದ ಕೂಡಲೇ ಕೀಲಿಕೈ ಕೊರಿಯರ್ ಮಾಡುತ್ತೇನೆ ಎಂದು ಮನೆಯೊಡೆಯ ಬರೆದ. ನಂಬಿಕೆಗೆಂದು ಪಾಸ್‌ಪೋರ್ಟಿನ ಪ್ರತಿಯನ್ನೂ ಕಳಿಸಿದ. ರೊಕ್ಕ ಮುಟ್ಟಿತು, ಉತ್ತರ ನಿಂತಿತು. ಮಗಳು ಮೊದಲ ಹನ್ನೊಂದು ರಾತ್ರಿಗಳನ್ನು ಪ್ರವಾಸಿಗರ ಹಾಸ್ಟೆಲ್ಲಿನಲ್ಲಿ, ಎಂಟು ಮಂದಿಯ ಖೋಲಿಯಲ್ಲಿ, ಸೂಟ್‌ಕೇಸಿಗೆ ಸರಪಳಿ ಬಿಗಿದು ಕಳೆದಳು. ಆ ಹನ್ನೊಂದು ರಾತ್ರಿ ನಮ್ಮ ಮನೆಯಲ್ಲೂ ಯಾರಿಗೂ ನಿದ್ದೆಯಿಲ್ಲ.

ನಮ್ಮ ಲೆಕ್ಕ ತಪ್ಪಿದ್ದು ಅದಕ್ಕೂ ಮೊದಲೇ. ಜರ್ಮನಿಯ ವಿದ್ಯಾರ್ಥಿ ವೀಸಾಕ್ಕೆ ಬ್ಲಾಕ್ಡ್ ಅಕೌಂಟಿನಲ್ಲಿ ವರ್ಷಕ್ಕೆ 11,904 ಯೂರೋ ತೋರಿಸಬೇಕಿತ್ತು. ಯೂರೋಗೆ ನೂರು ರೂಪಾಯಿ ಹಿಡಿದರೂ ಸುಮಾರು 12 ಲಕ್ಷ. ಇಷ್ಟು ಇಟ್ಟ ಮೇಲೆ ಇನ್ನೇನು ಚಿಂತೆ ಎಂದುಕೊಂಡೆವು. ಆದರೆ ಆ ಹಣ ತಿಂಗಳಿಗೆ 992 ಯೂರೋದಂತೆ ಮಾತ್ರ ಕೈಗೆ ಬರುತ್ತದೆ, ಅದೂ ಅಲ್ಲಿಗೆ ಹೋಗಿ ಖಾತೆ ತೆರೆದ ಮೇಲೆ. ಡಿಪಾಜಿಟ್, ಮೊದಲ ಬಾಡಿಗೆ, ಕೆಲವು ದಿನಗಳ ಹಾಸ್ಟೆಲ್ ಖರ್ಚು ಎಲ್ಲವೂ ಅದಕ್ಕೂ ಮುಂಚೆಯೇ ಎದುರಾಗುತ್ತವೆ. ಬ್ಲಾಕ್ಡ್ ಅಕೌಂಟಿನ ಹೊರಗೆ ಒಂದೂವರೆಯಿಂದ ಎರಡು ಲಕ್ಷ ಬೇರೆಯೇ ತೆಗೆದಿಡಿ. ಶಿಕ್ಷಣ ಸಾಲ ಕೇಳುವಾಗಲೂ ಈ ಮೊತ್ತ ಸೇರಿಸಿಯೇ ಕೇಳಿ.

ವಸತಿಯಲ್ಲಿ ಮೊದಲ ಆಯ್ಕೆ ಸ್ಟುಡೀರೆಂಡನ್‌ವೆರ್ಕ್ ಎಂಬ ವಿದ್ಯಾರ್ಥಿ ಸೇವಾ ಸಂಸ್ಥೆ ನಡೆಸುವ ವಿದ್ಯಾರ್ಥಿ ನಿಲಯ. ಇಂಥ ಸಂಸ್ಥೆಗಳು ದೇಶದಲ್ಲಿ 57 ಇವೆ. ಬಾಡಿಗೆಯಲ್ಲೇ ಸಾಮಾನ್ಯವಾಗಿ ನೀರು, ಹೀಟಿಂಗ್, ಇಂಟರ್ನೆಟ್ ಸೇರಿರುತ್ತವೆ. ಕಾಯುವ ಪಟ್ಟಿ ಮಾತ್ರ ಉದ್ದ. ಎರಡನೆಯದು ವೇ-ಗೇ, ಅಂದರೆ ಮೂರ್ನಾಲ್ಕು ಮಂದಿ ಒಂದು ಮನೆ ಹಿಡಿದು ಅಡುಗೆಮನೆ ಹಂಚಿಕೊಳ್ಳುವುದು. ರೇಡಿಯೋ-ಟೀವಿ ಶುಲ್ಕ ಮನೆಗೊಂದೇ, ತಿಂಗಳಿಗೆ 18.36 ಯೂರೋ, ಅದನ್ನೂ ಹಂಚಿಕೊಳ್ಳಬಹುದು. ಮೂರನೆಯದು ಖಾಸಗಿ ಸ್ಟುಡಿಯೋ: ಸುಲಭವಾಗಿ ಸಿಗುತ್ತದೆ, ದುಬಾರಿ. ಯಾವುದೂ ಸಿಗದಿದ್ದರೆ, ಊರಿಗೆ ಹೋದವರ ಖೋಲಿಯನ್ನು ಎರಡು ಮೂರು ತಿಂಗಳ ಮಟ್ಟಿಗೆ ಹಿಡಿಯಬಹುದು. ನನ್ನ ಮಗಳು ಹಾಗೇ ಮಾಡಿದಳು. ಜನವರಿಯಲ್ಲಿ ವಿದ್ಯಾರ್ಥಿ ನಿಲಯದ ಸರದಿ ಬಂತು.

ಜಾಹೀರಾತಿನಲ್ಲಿ 'ಕಾಲ್ಟ್' ಎಂದಿದ್ದರೆ ಬರೀ ಬಾಡಿಗೆ. 'ವಾರ್ಮ್' ಎಂದಿದ್ದರೆ ಹೀಟಿಂಗ್, ನೀರಿನ ಖರ್ಚೂ ಸೇರಿರುತ್ತದೆ. ಇದನ್ನು ತಿಳಿಯದೆ ಎರಡು ಖೋಲಿಗಳ ಬೆಲೆ ಹೋಲಿಸಬೇಡಿ. ಡಿಪಾಜಿಟ್ ಮೂರು ತಿಂಗಳ ಕಾಲ್ಟ್ ಬಾಡಿಗೆ ದಾಟುವಂತಿಲ್ಲ. ಅದನ್ನು ಮೂರು ಸಮಕಂತುಗಳಲ್ಲಿ ಕೊಡುವ ಹಕ್ಕನ್ನು ಬಾಡಿಗೆದಾರನಿಗೆ ಅಲ್ಲಿನ ಕಾನೂನೇ ಕೊಟ್ಟಿದೆ. ಮೊದಲ ಕಂತು ಸಲ್ಲಬೇಕಾದದ್ದು ಬಾಡಿಗೆ ಶುರುವಾದಾಗ. ಅವ್ವನ ಪದ್ಧತಿಯೇ ಅಲ್ಲಿ ಕಾನೂನಾಗಿದೆ ಅನ್ನಿಸಿ ಕಣ್ಣು ತುಂಬಿತು.

ಇನ್ನೊಂದು ಮಾತು. ಮನೆ ಹೊಕ್ಕ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮನೆಯೊಡೆಯನ ಪತ್ರ ಬೇಕು. ಆ ಪತ್ರ ಕೊಡಲು ಒಪ್ಪದವನ ಖೋಲಿ ಎಷ್ಟೇ ಅಗ್ಗವಾಗಿದ್ದರೂ ಬೇಡ.

ವಿದ್ಯಾರ್ಥಿ ನಿಲಯದವರು ಮುಂಗಡ ಕೇಳಿದರೆ ಖಾತೆಯ ವಿವರವನ್ನು ಅವರ ಅಧಿಕೃತ ಪತ್ರದೊಂದಿಗೆ ತಾಳೆ ನೋಡಿ ಕಳಿಸಿ. ಖಾಸಗಿಯವರಾದರೆ, ಆ ಊರಿನಲ್ಲಿರುವ ನಮ್ಮ ಕಡೆಯ ಹುಡುಗರೊಬ್ಬರಾದರೂ ಹೋಗಿ ಖೋಲಿ ನೋಡಿ ಬರಲಿ. ಮೋಸವಾದರೆ ನಾಚಿಕೆಪಟ್ಟು ಸುಮ್ಮನಿರಬೇಡಿ, ಆ ಗಳಿಗೆಯಲ್ಲೇ ಬ್ಯಾಂಕಿಗೂ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಫೋನ್ ಮಾಡಿ. ನಾನು ನಾಲ್ಕು ದಿನ ತಡ ಮಾಡಿದೆ. ರೊಕ್ಕ ವಾಪಸು ಬರಲಿಲ್ಲ.

ಪ್ರವೇಶದ ಅರ್ಜಿ ಹಾಕುವಾಗಲೇ ವಸತಿಯ ಅರ್ಜಿ ಯಾವಾಗ ತೆರೆಯುತ್ತದೆ ಎಂದು ವಿಚಾರಿಸಿ, ತೆರೆದ ದಿನವೇ ಹಾಕಿಸಿ. ಮಕ್ಕಳನ್ನು ಧೈರ್ಯವಾಗಿ ಕಳಿಸಿ, ರೊಕ್ಕವನ್ನು ಮಾತ್ರ ಅವರಿಗಿಂತ ಮೊದಲು ಕಳಿಸಬೇಡಿ.